ಲುಬ್ಧಕ ಹತ್ತಿರ, ಅಗಸ್ತ್ಯ ದೂರ: ಹಾಸನೂರಿನಲ್ಲಿ ನಿಂತು ನಕ್ಷತ್ರ ಅಳೆಯುವ ಬಗೆ

ಫೆಬ್ರವರಿ ನಡುವಿನ ಒಂದು ರಾತ್ರಿ, ಚಂದ್ರನಿಲ್ಲದ ಹೊತ್ತು ನೋಡಿಕೊಂಡು, ಹಾಸನೂರಿನಲ್ಲಿ ತೆಂಕಣ ದಿಕ್ಕಿಗೆ ಮುಖ ಮಾಡಿ ನಿಲ್ಲಿ. ಗಂಟೆ ಒಂಬತ್ತಾಗಿರಲಿ. ತಲೆ ಎತ್ತಿದರೆ ಕಾಣುವ ಬಿಳಿ ಹೊಳಪು ಲುಬ್ಧಕ, ಇಡೀ ರಾತ್ರಿಯಾಕಾಶದಲ್ಲಿ ಅತಿ ಹೆಚ್ಚು ಬೆಳಗುವ ನಕ್ಷತ್ರ. ಅದರ ಕೆಳಗೆ, ದಿಗಂತದಿಂದ ಇಪ್ಪತ್ತೈದು ಡಿಗ್ರಿ ಎತ್ತರದಲ್ಲಿ, ಎರಡನೆಯ ಸ್ಥಾನದ ಅಗಸ್ತ್ಯ. ದೆಹಲಿಯವರಿಗೆ ಅಗಸ್ತ್ಯ ಒಂಬತ್ತು ಡಿಗ್ರಿಗಿಂತ ಮೇಲೇರುವುದಿಲ್ಲ, ಲಂಡನ್ನಿನವರಿಗೆ ಕಾಣುವುದೇ ಇಲ್ಲ. ಹನ್ನೊಂದೂವರೆ ಡಿಗ್ರಿ ಅಕ್ಷಾಂಶದ ಸುತ್ತಮುತ್ತ ಇರುವ ತಾಳವಾಡಿ ಬೆಟ್ಟಸೀಮೆಯವರಿಗೆ ಎರಡೂ ಒಟ್ಟಿಗೆ, ಸಲೀಸಾಗಿ ಸಿಗುತ್ತವೆ.

ಬರಿಗಣ್ಣಿಗೆ ಲುಬ್ಧಕದ ಬೆಳಕು ಅಗಸ್ತ್ಯನ ಬೆಳಕಿನ ಸುಮಾರು ಎರಡರಷ್ಟು. ಆದರೆ ಲುಬ್ಧಕ ಇರುವುದು 8.6 ಜ್ಯೋತಿರ್ವರ್ಷ ದೂರದಲ್ಲಿ, ಅಗಸ್ತ್ಯ ಸುಮಾರು 310 ಜ್ಯೋತಿರ್ವರ್ಷ ಆಚೆ. ಎರಡನ್ನೂ ಒಂದೇ ದೂರದಲ್ಲಿ ತಂದು ನಿಲ್ಲಿಸಿದರೆ ಅಗಸ್ತ್ಯನೇ ಆರುನೂರು ಪಟ್ಟಿಗೂ ಮಿಗಿಲಾಗಿ ಬೆಳಗುತ್ತಾನೆ. ಕಣ್ಣಿಗೆ ಬೀಳುವ ಬೆಳಕು ಒಂದು, ನಕ್ಷತ್ರ ನಿಜವಾಗಿ ಚೆಲ್ಲುವ ಬೆಳಕು ಇನ್ನೊಂದು. ಇವೆರಡರ ನಡುವೆ ದೂರ ನಿಂತಿದೆ. ಈ ಮೂರರಲ್ಲಿ ಯಾವುದಾದರೂ ಎರಡು ಗೊತ್ತಾದರೆ ಮೂರನೆಯದು ಲೆಕ್ಕಕ್ಕೆ ಸಿಗುತ್ತದೆ. ಖಗೋಳ ವಿಜ್ಞಾನಿಗಳ ಅಳತೆಯೆಲ್ಲ ಇವುಗಳಲ್ಲಿ ಎರಡನ್ನು ಹಿಡಿಯುವ ಪ್ರಯತ್ನ. ಅದರಲ್ಲಿ ಮೊದಲನೆಯದನ್ನು, ಅಂದರೆ ಕಣ್ಣಿಗೆ ಕಾಣುವ ಬೆಳಕನ್ನು, ಹಾಸನೂರಿನ ಯಾವ ಮನೆಯ ತಾರಸಿಯ ಮೇಲಿಂದಲೂ ಅಳೆಯಬಹುದು.

ಹೋಗುವವರಿಗೆ ಎರಡು ಮಾತು. ಹಾಸನೂರು ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ಒಳಗಿದೆ. ದಿಂಬಂ ಘಾಟಿನ 27 ತಿರುವು ಹತ್ತಿ ಬರುವವರಾಗಲಿ, ಚಾಮರಾಜನಗರದಿಂದ ಪುಣಜನೂರು ದಾಟಿ ಬರುವವರಾಗಲಿ ಸಂಜೆಯೊಳಗೆ ಊರು ಸೇರಬೇಕು. ಬಣ್ಣಾರಿಯಿಂದ ಕಾರಪಳ್ಳಂವರೆಗಿನ ಹೆದ್ದಾರಿಯಲ್ಲಿ 2022ರ ಫೆಬ್ರವರಿಯಿಂದ ರಾತ್ರಿ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಪ್ರಾಣಿಗಳಿಗಾಗಿ ಬಂದ ಈ ನಿಯಮದಿಂದ ಆಕಾಶ ನೋಡುವವರಿಗೂ ಲಾಭ: ರಸ್ತೆಯ ಮೇಲೆ ಹೆಡ್‌ಲೈಟು ಕಡಿಮೆ. ಕತ್ತಲು ಚೆನ್ನಾಗಿದೆಯೆಂದು ಕಾಡಂಚಿಗೆ, ಹೊಲದ ಬದುವಿಗೆ ನಡೆದು ಹೋಗಬೇಡಿ. ಅದು ಆನೆಗಳು ಓಡಾಡುವ ಹೊತ್ತು. ತಂಗಿದ ಮನೆಯ ಅಂಗಳ, ತಾರಸಿ ಸಾಕು. ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಮೋಡದ ಕಾಟ ಕಡಿಮೆ. ಬೆಚ್ಚನೆಯ ಹೊದಿಕೆ, ಕೆಂಪು ಕಾಗದ ಸುತ್ತಿದ ಟಾರ್ಚು, ಒಂದು ನೋಟ್‌ಬುಕ್ಕು ಜೊತೆಗಿರಲಿ. ಮೊಬೈಲು ಜೇಬಿನಲ್ಲೇ ಇರಲಿ. ಕಣ್ಣು ಕತ್ತಲಿಗೆ ಒಗ್ಗಲು ಇಪ್ಪತ್ತು ನಿಮಿಷವಾದರೂ ಬೇಕು, ಒಂದು ಸಲ ಪರದೆ ನೋಡಿದರೆ ಅಷ್ಟೂ ಹೊತ್ತು ವ್ಯರ್ಥ.

ಬೆಳಕಿಗೆ ಅಂಕ ಕೊಟ್ಟವರು

ಕ್ರಿಸ್ತಪೂರ್ವ ಎರಡನೆಯ ಶತಮಾನದ ಗ್ರೀಕ್ ಖಗೋಳಜ್ಞ ಹಿಪ್ಪಾರ್ಕಸ್‌ನ ಕಾಲದಿಂದ ಬಂದಿತೆನ್ನುವ ಪದ್ಧತಿಯಲ್ಲಿ ನಕ್ಷತ್ರಗಳಿಗೆ ಆರು ದರ್ಜೆ. ಅತಿ ಪ್ರಕಾಶದವು ಒಂದನೆಯ ದರ್ಜೆ, ಕಷ್ಟಪಟ್ಟು ಕಾಣುವವು ಆರನೆಯದು. ಅಂಕಿ ಹೆಚ್ಚಿದಷ್ಟೂ ಬೆಳಕು ಕಡಿಮೆ ಎಂಬುದನ್ನು ಹೊಸಬರು ಮೊದಲೇ ಮನಸ್ಸಿಗೆ ತಂದುಕೊಳ್ಳಬೇಕು. ಈ ದರ್ಜೆಗೆ ಕನ್ನಡದಲ್ಲಿ ಉಜ್ವಲತಾಂಕ ಎನ್ನುತ್ತಾರೆ, ಮ್ಯಾಗ್ನಿಟ್ಯೂಡ್ ಎಂದರೂ ಎಲ್ಲರಿಗೂ ತಿಳಿಯುತ್ತದೆ.

ಕಣ್ಣಂದಾಜಿನ ಈ ದರ್ಜೆಗಳನ್ನು ಗಣಿತಕ್ಕೆ ಕಟ್ಟಿದವರು ನಾರ್ಮನ್ ಪೋಗ್ಸನ್. 1856ರಲ್ಲಿ, ಆಕ್ಸ್‌ಫರ್ಡ್‌ನಲ್ಲಿದ್ದಾಗ, ಐದು ಅಂಕದ ವ್ಯತ್ಯಾಸವೆಂದರೆ ಸರಿಯಾಗಿ ನೂರು ಪಟ್ಟು ಬೆಳಕಿನ ವ್ಯತ್ಯಾಸ ಎಂದು ಇಟ್ಟುಕೊಳ್ಳೋಣ ಎಂದರು. ಆಗ ಒಂದು ಅಂಕಕ್ಕೆ 2.512 ಪಟ್ಟು ಆಗುತ್ತದೆ. ಜಗತ್ತಿನ ಎಲ್ಲ ವೀಕ್ಷಣಾಲಯಗಳೂ ಇಂದಿಗೂ ಬಳಸುವುದು ಇದನ್ನೇ. ಅವರು 1861ರಲ್ಲಿ ಮದ್ರಾಸ್ ವೀಕ್ಷಣಾಲಯಕ್ಕೆ ಸರ್ಕಾರಿ ಖಗೋಳಜ್ಞರಾಗಿ ಬಂದರು. ಬಂದ ವರ್ಷವೇ ಒಂದು ಕ್ಷುದ್ರಗ್ರಹ ಕಂಡುಹಿಡಿದು ಅದಕ್ಕೆ ಏಷ್ಯಾ ಎಂದು ಹೆಸರಿಟ್ಟರು. ಮೂವತ್ತು ವರ್ಷ ಅಲ್ಲೇ ದುಡಿದು 1891ರಲ್ಲಿ ಅಲ್ಲೇ ತೀರಿಕೊಂಡರು. ಹಾಸನೂರು ಆಗ ಅದೇ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯ ಊರು.

ಪೋಗ್ಸನ್ ಅವರ ಜೊತೆಗಿದ್ದ ಚಿಂತಾಮಣಿ ರಘುನಾಥಾಚಾರಿ ನಮಗೆ ಇನ್ನೂ ಹತ್ತಿರದವರು. 1867ರಲ್ಲಿ ಅವರು ಮದ್ರಾಸಿನಿಂದ ದಕ್ಷಿಣಾಕಾಶದ ಆರ್ ರೆಟಿಕ್ಯುಲಿ ಎಂಬ ನಕ್ಷತ್ರದ ಬೆಳಕು ಏರಿಳಿಯುವುದನ್ನು ಗುರುತಿಸಿದರು. ಇದು ಉಜ್ವಲತಾಂಕವನ್ನು ಮತ್ತೆ ಮತ್ತೆ ಹೋಲಿಸಿ ಬರೆದಿಟ್ಟವರಿಗೆ ಮಾತ್ರ ದಕ್ಕುವ ಶೋಧ. ಇವರ ಹೆಸರು ದೂರದ ವಿಷಯದಲ್ಲಿ ಮತ್ತೆ ಬರುತ್ತದೆ.

ಪೋಗ್ಸನ್ ಅಳತೆಯಲ್ಲಿ ಲುಬ್ಧಕ -1.46, ಅಗಸ್ತ್ಯ -0.74, ಅಭಿಜಿತ್ 0.03, ಧ್ರುವ ಸುಮಾರು 2. ಹುಣ್ಣಿಮೆಯ ಚಂದ್ರ -12.7, ಸೂರ್ಯ -26.7. ಒಳ್ಳೆಯ ಕತ್ತಲಲ್ಲಿ ಬರಿಗಣ್ಣಿನ ಮಿತಿ 6ರ ಆಸುಪಾಸು.

ಇನ್ನು ನಿಮ್ಮ ಅಳತೆ. ಇದಕ್ಕೆ ಆರ್ದ್ರಾ ನಕ್ಷತ್ರವನ್ನೇ ಆರಿಸಿಕೊಳ್ಳಿ. ರೈತರಿಗೆ ಇದು ಆರಿದ್ರಾ ಮಳೆಯ ಹೆಸರಿನಿಂದ ಪರಿಚಯ. ಜೂನ್ ಕೊನೆಯ ವಾರ ಸೂರ್ಯ ಆ ನಕ್ಷತ್ರದ ನೆಲೆಗೆ ಬರುವುದರಿಂದ ಮಳೆಗೆ ಆ ಹೆಸರು, ಹಾಗಾಗಿ ಆರಿದ್ರಾ ಮಳೆ ಸುರಿಯುವಾಗ ನಕ್ಷತ್ರ ಹಗಲ ಬೆಳಕಿನಲ್ಲಿ ಮುಳುಗಿರುತ್ತದೆ. ಅದನ್ನು ಕಾಣಬೇಕಾದರೆ ಚಳಿಗಾಲ ಬರಬೇಕು. ಫೆಬ್ರವರಿ ರಾತ್ರಿ ಒಂಬತ್ತಕ್ಕೆ ಅದು ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತದೆ, ಮಹಾವ್ಯಾಧ ಪುಂಜದ ಹೆಗಲಲ್ಲಿ, ಕೆಂಪಾಗಿ. ಪಶ್ಚಿಮಕ್ಕೆ ರೋಹಿಣಿ, ಉಜ್ವಲತಾಂಕ ಸುಮಾರು 0.9. ಪೂರ್ವಕ್ಕೆ ಪ್ರೋಸಿಯಾನ್, 0.3. ಬೆಳಕಿನಲ್ಲಿ ಆರ್ದ್ರಾ ಇವೆರಡರ ನಡುವೆ ಸರಿಮಧ್ಯದಲ್ಲಿದೆ ಎನಿಸಿದರೆ 0.6 ಎಂದು ಬರೆಯಿರಿ. ರೋಹಿಣಿಗೆ ಹತ್ತಿರ ಎನಿಸಿದರೆ 0.8. ರೋಹಿಣಿಗಿಂತಲೂ ಮಂಕಾಗಿದ್ದರೆ ಪುನರ್ವಸು ಜೋಡಿಯ ಪೊಲಕ್ಸ್ (1.1) ಮತ್ತು ಕ್ಯಾಸ್ಟರ್ (1.6) ಜೊತೆ ಹೋಲಿಸಿ. ಇಷ್ಟೇ ವಿಧಾನ. ಅಭ್ಯಾಸವಾದ ಕಣ್ಣು ಒಂದು ಅಂಕದ ಹತ್ತನೆಯ ಒಂದು ಭಾಗದಷ್ಟು ನಿಖರತೆಗೆ ಬರುತ್ತದೆ. 2020ರ ಫೆಬ್ರವರಿಯಲ್ಲಿ ಆರ್ದ್ರಾ 1.6ರವರೆಗೆ ಮಂಕಾದಾಗ ಬರಿಗಣ್ಣಿನಿಂದ ನೋಡುವವರೂ ಅದನ್ನು ಸ್ಪಷ್ಟವಾಗಿ ಗುರುತಿಸಿದ್ದರು. ನಕ್ಷತ್ರವೇ ಉಗುಳಿದ ಅನಿಲ ತಣಿದು ಧೂಳಾಗಿ ನಮ್ಮ ಕಡೆಯ ಬೆಳಕಿಗೆ ಅಡ್ಡ ಬಂದಿತ್ತು.

ಮೂರು ಎಚ್ಚರಿಕೆ ಬೇಕು. ಹೋಲಿಸುವ ನಕ್ಷತ್ರಗಳು ಸುಮಾರಾಗಿ ಒಂದೇ ಎತ್ತರದಲ್ಲಿರಲಿ, ಏಕೆಂದರೆ ದಿಗಂತದ ಕಡೆಗೆ ವಾತಾವರಣ ದಪ್ಪ. ಇಪ್ಪತ್ತೈದು ಡಿಗ್ರಿಯಲ್ಲಿರುವ ಅಗಸ್ತ್ಯನ ಬೆಳಕು ನೆತ್ತಿಯ ನಕ್ಷತ್ರಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಗಾಳಿಯನ್ನು ಹಾದು ಬರಬೇಕು. ಹಾಗಾಗಿ ಹಾಸನೂರಿನಲ್ಲಿ ಅಗಸ್ತ್ಯ ಪುಸ್ತಕದ ಅಂಕಕ್ಕಿಂತ ಸ್ವಲ್ಪ ಮಂಕಾಗಿಯೇ ಕಾಣುತ್ತಾನೆ. ಕೆಂಪು ನಕ್ಷತ್ರವನ್ನು ದಿಟ್ಟಿಸಿ ನೋಡುತ್ತಾ ನಿಲ್ಲಬೇಡಿ; ನೋಡಿದಷ್ಟೂ ಅದು ಹೆಚ್ಚು ಹೊಳೆಯುವಂತೆ ಕಾಣುತ್ತದೆ. ಕಣ್ಣು ಹಾಯಿಸಿ, ತೆಗೆಯಿರಿ, ಮತ್ತೆ ಹಾಯಿಸಿ. ಮೂರನೆಯದಾಗಿ, ನಿನ್ನೆ ಬರೆದ ಅಂಕವನ್ನು ಇಂದು ನೋಡುವ ಮೊದಲು ಓದಬೇಡಿ.

ದೊಡ್ಡ ವೀಕ್ಷಣಾಲಯಗಳಲ್ಲಿ ಕಣ್ಣಿನ ಜಾಗಕ್ಕೆ ಮೊದಲು ಫೋಟೋ ಫಲಕ, ಆಮೇಲೆ ದ್ಯುತಿವಿದ್ಯುತ್ ಮಾಪಕ, ಈಗ ಸಿಸಿಡಿ ಬಂದಿದೆ. ಆದರೆ ಹೋಲಿಕೆಯ ತತ್ವ ಬದಲಾಗಿಲ್ಲ. ಗೊತ್ತಿರುವ ನಕ್ಷತ್ರದ ಪಕ್ಕದಲ್ಲಿ ಗೊತ್ತಿಲ್ಲದ್ದನ್ನು ಇಟ್ಟು ಅಳೆಯುತ್ತಾರೆ. ಗೊತ್ತಾದ ಬಣ್ಣದ ಸೋಸುಗಾಜಿನ ಮೂಲಕ ಅಳೆಯುವುದರಿಂದ ನಕ್ಷತ್ರದ ಬಣ್ಣವೂ ಸಂಖ್ಯೆಯಾಗಿ ಸಿಗುತ್ತದೆ, ಬಣ್ಣದಿಂದ ಮೇಲ್ಮೈಯ ಉಷ್ಣತೆ. ಡಿಎಸ್‌ಎಲ್‌ಆರ್ ಕ್ಯಾಮೆರಾ ಮತ್ತು ಟ್ರೈಪಾಡ್ ಇದ್ದವರು ಫೋಕಸನ್ನು ತುಸು ಕೆಡಿಸಿ, ರಾ ಫೈಲಿನಲ್ಲಿ ಚಿತ್ರ ತೆಗೆದು, ಅದರ ಹಸಿರು ಪದರವನ್ನಷ್ಟೇ ಅಳೆದರೆ ವೃತ್ತಿಪರರ ಅಳತೆಗೆ ಸಾಕಷ್ಟು ಹತ್ತಿರ ಹೋಗಬಹುದು. 1911ರಿಂದ ಇರುವ ಅಮೆರಿಕದ ಚರನಕ್ಷತ್ರ ವೀಕ್ಷಕರ ಸಂಘ ಹವ್ಯಾಸಿಗಳ ಅಂದಾಜುಗಳನ್ನು ಎಲ್ಲ ದೇಶಗಳಿಂದಲೂ ಪಡೆಯುತ್ತದೆ, ಬರಿಗಣ್ಣಿನವನ್ನೂ.

ದೂರಕ್ಕೆ ಬೇಕಾದ ಮೊದಲ ಗಜಕಡ್ಡಿ

ಹೆಬ್ಬೆರಳನ್ನು ಮುಖದ ಮುಂದೆ ಚಾಚಿ, ಒಂದೊಂದೇ ಕಣ್ಣು ಮುಚ್ಚಿ ನೋಡಿ. ಬೆರಳು ಹಿಂದಿನ ಮರದ ಎದುರು ಅತ್ತಿತ್ತ ಜರುಗುತ್ತದೆ. ಬೆರಳನ್ನು ಹತ್ತಿರ ತಂದರೆ ಜರುಗುವುದು ಹೆಚ್ಚು, ದೂರ ಒಯ್ದರೆ ಕಡಿಮೆ. ಎರಡು ಕಣ್ಣುಗಳ ನಡುವಿನ ಅಂತರ ಗೊತ್ತಿದ್ದರೆ, ಜರುಗಿದ ಕೋನದಿಂದ ಬೆರಳಿನ ದೂರ ತಿಳಿಯುತ್ತದೆ. ಇದೇ ಪ್ಯಾರಲಾಕ್ಸ್. ನಕ್ಷತ್ರಕ್ಕೆ ಎರಡು ಕಣ್ಣಿನ ಅಂತರ ಏನೇನೂ ಸಾಲದು, ಭೂಮಿಯ ಅಗಲವೂ ಸಾಲದು. ಆದ್ದರಿಂದ ಜನವರಿಯಲ್ಲೊಮ್ಮೆ, ಭೂಮಿ ಸೂರ್ಯನ ಆಚೆ ಬದಿಗೆ ಹೋದ ಜುಲೈಯಲ್ಲೊಮ್ಮೆ ನೋಡುತ್ತಾರೆ. ಆಗ ಎರಡು ನೋಟಗಳ ನಡುವೆ ಸುಮಾರು ಮೂವತ್ತು ಕೋಟಿ ಕಿಲೋಮೀಟರ್ ಅಂತರ.

ಈ ಮೂವತ್ತು ಕೋಟಿ ಗೊತ್ತಾಗಬೇಕಾದರೆ ಮೊದಲು ಸೂರ್ಯನ ದೂರ ಗೊತ್ತಿರಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಅದಕ್ಕೆ ಹಿಡಿದ ಒಂದು ದಾರಿ ಶುಕ್ರ ಸಂಕ್ರಮಣ. ಸೂರ್ಯನ ಬಿಂಬದ ಮೇಲೆ ಶುಕ್ರ ಹಾಯುವುದನ್ನು ಭೂಮಿಯ ಬೇರೆ ಬೇರೆ ಊರುಗಳಿಂದ ನೋಡಿ, ಕಾಲದ ವ್ಯತ್ಯಾಸದಿಂದ ಶುಕ್ರನ ದೂರ ತೆಗೆಯುವುದು. ಗ್ರಹಗಳ ದೂರಗಳ ಅನುಪಾತ ಕೆಪ್ಲರನ ನಿಯಮದಿಂದ ತಿಳಿದೇ ಇತ್ತು; ಒಂದು ದೂರ ಕಿಲೋಮೀಟರಿನಲ್ಲಿ ಸಿಕ್ಕರೆ ಉಳಿದದ್ದೆಲ್ಲ ಸಿಕ್ಕಂತೆ. 1874ರ ಡಿಸೆಂಬರ್ 9ರ ಸಂಕ್ರಮಣ ಭಾರತಕ್ಕೆ ಕಾಣುವುದಿತ್ತು. ಅದಕ್ಕಾಗಿ ರಘುನಾಥಾಚಾರಿಯವರು ಸಾಮಾನ್ಯ ಜನರಿಗೆ ತಿಳಿಯುವ ಹಾಗೆ ಒಂದು ಪುಸ್ತಿಕೆ ಬರೆದರು, ಅದು ಭಾರತೀಯ ಭಾಷೆಗಳಲ್ಲಿ, ಕನ್ನಡದಲ್ಲೂ ಬಂತು. ನೂರೈವತ್ತು ವರ್ಷದ ಹಿಂದೆ ಆಕಾಶದ ಅಳತೆಯನ್ನು ಕನ್ನಡದಲ್ಲಿ ವಿವರಿಸಬಹುದೆಂದು ನಂಬಿದ ಆ ಮದ್ರಾಸಿನ ವಿದ್ವಾಂಸರ ಹೆಸರು ನಮ್ಮ ಶಾಲಾಪುಸ್ತಕಗಳಲ್ಲಿ ಇರಬೇಕಿತ್ತು. ಈಗ ಸೂರ್ಯನ ದೂರ ರೇಡಾರ್‌ನಿಂದ ಬಲು ನಿಖರವಾಗಿ ಗೊತ್ತು: 14 ಕೋಟಿ 96 ಲಕ್ಷ ಕಿಲೋಮೀಟರ್.

ನಕ್ಷತ್ರವೊಂದರ ಪ್ಯಾರಲಾಕ್ಸನ್ನು ಮೊದಲು ಪ್ರಕಟಿಸಿದವರು ಜರ್ಮನಿಯ ಫ್ರೀಡ್ರಿಶ್ ಬೆಸೆಲ್, 1838ರಲ್ಲಿ, ಹಂಸ ಪುಂಜದ 61ನೆಯ ನಕ್ಷತ್ರಕ್ಕೆ. ಅವರಿಗೆ ಸಿಕ್ಕ ಕೋನ 0.31 ಆರ್ಕ್‌ಸೆಕೆಂಡ್. ಒಂದು ಆರ್ಕ್‌ಸೆಕೆಂಡ್ ಎಂದರೆ ಒಂದು ಡಿಗ್ರಿಯ 3,600ನೆಯ ಒಂದು ಭಾಗ. ಒಂದು ರೂಪಾಯಿ ನಾಣ್ಯವನ್ನು ನಾಲ್ಕು ಕಿಲೋಮೀಟರ್ ಆಚೆ ಹಿಡಿದರೆ ಅದರ ಅಗಲ ಸುಮಾರು ಅಷ್ಟು. ಬೆಸೆಲ್ ಅಳೆದದ್ದು ಅದರ ಮೂರನೆಯ ಒಂದು ಭಾಗ. ಲೆಕ್ಕ ಸರಳ: ಒಂದನ್ನು ಪ್ಯಾರಲಾಕ್ಸಿನಿಂದ ಭಾಗಿಸಿದರೆ ದೂರ ಪಾರ್ಸೆಕ್‌ನಲ್ಲಿ, ಅದನ್ನು 3.26ರಿಂದ ಗುಣಿಸಿದರೆ ಜ್ಯೋತಿರ್ವರ್ಷದಲ್ಲಿ. ಬೆಸೆಲ್ ಲೆಕ್ಕಕ್ಕೆ ಹತ್ತು ಜ್ಯೋತಿರ್ವರ್ಷ ದಾಟಿತು, ಇಂದಿನ ಮೌಲ್ಯ 11.4. ಡಿಸೆಂಬರ್‌ನಲ್ಲಿ ಸಂಜೆ ಏಳಕ್ಕೆ ವಾಯವ್ಯದಲ್ಲಿ ಹಂಸ ಇನ್ನೂ ಮೇಲಿರುತ್ತದೆ. ನಕ್ಷತ್ರಪಟ ಇಟ್ಟುಕೊಂಡು ಬೈನಾಕ್ಯುಲರ್‌ನಲ್ಲಿ ಆ ಮಂಕು ಜೋಡಿಯನ್ನು ಹುಡುಕಿ, ಅದು ಕಷ್ಟಪಟ್ಟು ಹುಡುಕಲು ತಕ್ಕದ್ದು.

ಬೆಸೆಲ್ ಕಾಲದಲ್ಲೇ ಆಫ್ರಿಕದ ಕೇಪ್‌ನಿಂದ ಥಾಮಸ್ ಹೆಂಡರ್ಸನ್ ಅಳೆದದ್ದು ಕಿನ್ನರ ಪುಂಜದ ಆಲ್ಫಾ ಸೆಂಟಾರಿಯನ್ನು, ಸೂರ್ಯನ ಆಚೆ ನಮಗೆ ಅತಿ ಹತ್ತಿರದ ನಕ್ಷತ್ರಕೂಟವನ್ನು, 4.4 ಜ್ಯೋತಿರ್ವರ್ಷ. ಅದು ಒಂಟಿಯಲ್ಲ, ಜೋಡಿ ಎಂದು ದೂರದರ್ಶಕದಲ್ಲಿ ಮೊದಲು ಕಂಡದ್ದು 1689ರಲ್ಲಿ, ಪುದುಚೇರಿಯಿಂದ, ಜೆಸ್ವಿಟ್ ಪಾದ್ರಿ ಜಾನ್ ರಿಶೋ. ಮೇ ತಿಂಗಳಲ್ಲಿ ರಾತ್ರಿ ಹನ್ನೊಂದರ ಹೊತ್ತಿಗೆ ಹಾಸನೂರಿನ ತೆಂಕಣ ಬಾನಂಚಿನಲ್ಲಿ, ಬೆಟ್ಟ ಅಡ್ಡ ಬರದಿದ್ದರೆ, ಅದನ್ನು ಬರಿಗಣ್ಣಿನಲ್ಲೇ ನೋಡಬಹುದು.

ಭೂಮಿಯಿಂದ ನೋಡುವಾಗ ಗಾಳಿಯ ಅಲುಗಾಟ ನಕ್ಷತ್ರವನ್ನು ಮಿನುಗಿಸುತ್ತದೆ, ಸಣ್ಣ ಕೋನಗಳು ಅದರಲ್ಲಿ ಕಳೆದುಹೋಗುತ್ತವೆ. ಅದಕ್ಕೇ ಯುರೋಪಿನವರು 1989ರಲ್ಲಿ ಹಿಪ್ಪಾರ್ಕೋಸ್ ಉಪಗ್ರಹ ಹಾರಿಸಿ 1 ಲಕ್ಷ 18 ಸಾವಿರ ನಕ್ಷತ್ರಗಳನ್ನು ಅಳೆದರು. ಅಗಸ್ತ್ಯನ 310 ಅಲ್ಲಿಂದ ಬಂದ ಅಂಕಿ. 2013ರ ಡಿಸೆಂಬರ್‌ನಲ್ಲಿ ಹಾರಿದ ಗಾಯಾ 2025ರ ಜನವರಿಯವರೆಗೆ ಕೆಲಸ ಮಾಡಿ ಸುಮಾರು 180 ಕೋಟಿ ನಕ್ಷತ್ರಗಳ ಪಟ್ಟಿಗೆ ಮಾಹಿತಿ ಒದಗಿಸಿತು. ಮಂಕಾದವನ್ನು ಹಿಡಿಯಲೆಂದೇ ಕಟ್ಟಿದ್ದರಿಂದ ಅಗಸ್ತ್ಯ, ಲುಬ್ಧಕದಂಥ ಅತಿ ಪ್ರಕಾಶದವು ಅದರ ಮಾಪಕಕ್ಕೆ ಹೆಚ್ಚಾದವು. ಆರ್ದ್ರಾದ ಕಷ್ಟವೇ ಬೇರೆ. ಅದರ ಬಿಂಬವೇ ಅದರ ಪ್ಯಾರಲಾಕ್ಸಿಗಿಂತ ದೊಡ್ಡದು, ಮೇಲ್ಮೈಯಲ್ಲಿ ಕುದಿಯುವ ಕಲೆಗಳು. ಆದ್ದರಿಂದ ಅದರ ದೂರ ಇಂದಿಗೂ 500ರಿಂದ 700 ಜ್ಯೋತಿರ್ವರ್ಷಗಳ ನಡುವೆ ಓಲಾಡುತ್ತಿದೆ.

ಕೋನ ಕೈಗೆಟುಕದ ಕಡೆ

ನಕ್ಷತ್ರ ಬಹಳ ದೂರವಿದ್ದರೆ ಜರುಗುವ ಕೋನ ಅಳತೆಗೆ ಸಿಗುವುದಿಲ್ಲ. ಆಗ ಇನ್ನೊಂದು ತುದಿಯಿಂದ ಹಿಡಿಯಬೇಕು: ನಕ್ಷತ್ರದ ನಿಜವಾದ ಬೆಳಕನ್ನು ಬೇರೆ ಗುರುತಿನಿಂದ ತಿಳಿದು, ಕಾಣುವ ಬೆಳಕಿನೊಡನೆ ಹೋಲಿಸಿ ದೂರ ತೆಗೆಯುವುದು. ಎಲ್ಲ ನಕ್ಷತ್ರಗಳನ್ನೂ 32.6 ಜ್ಯೋತಿರ್ವರ್ಷದಲ್ಲಿ, ಅಂದರೆ 10 ಪಾರ್ಸೆಕ್‌ನಲ್ಲಿ ಇಟ್ಟರೆ ಎಷ್ಟು ಕಾಣುತ್ತಿದ್ದವು ಎಂಬುದೇ ನಿಜ ಉಜ್ವಲತಾಂಕ. ಸೂರ್ಯನದು 4.8, ಅಷ್ಟು ದೂರ ಹೋದರೆ ನಮ್ಮ ಸೂರ್ಯ ಹಾಸನೂರಿನಲ್ಲಿ ಮಂಕಾಗಿ ಕಾಣುವ ಚುಕ್ಕಿ, ಬೆಂಗಳೂರಿನ ನಡುವೆ ಕಾಣುವುದೇ ಇಲ್ಲ. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೆಯ ಒಂದು ಭಾಗಕ್ಕೆ, ಹತ್ತು ಪಟ್ಟಾದರೆ ನೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಕಾಣುವ ಅಂಕದಿಂದ ನಿಜದ ಅಂಕ ಕಳೆದಾಗ 0 ಬಂದರೆ ದೂರ 32.6 ಜ್ಯೋತಿರ್ವರ್ಷ, 5 ಬಂದರೆ 326, 10 ಬಂದರೆ 3,260. ಅಗಸ್ತ್ಯನ ನಿಜದ ಅಂಕ -5.6. -0.7ರಿಂದ ಅದನ್ನು ಕಳೆದರೆ 4.9. ದೂರ 326ಕ್ಕಿಂತ ತುಸು ಕಡಿಮೆ ಎಂದು ಕಾಗದ ಪೆನ್ನಿಲ್ಲದೆ ಹೇಳಬಹುದು.

ನಿಜವಾದ ಬೆಳಕನ್ನು ತಿಳಿಸುವ ಒಂದು ಗುರುತಿಗೆ ಭಾರತದ ಖಗೋಳ ವಿಜ್ಞಾನಿ ವೇಣು ಬಪ್ಪು ಅವರ ಹೆಸರಿದೆ. ಅಮೆರಿಕದ ಓಲಿನ್ ವಿಲ್ಸನ್ ಜೊತೆ ಸೇರಿ 1957ರಲ್ಲಿ ಅವರು ತೋರಿಸಿದ್ದು ಇದು: ತಂಪಾದ ನಕ್ಷತ್ರಗಳ ರೋಹಿತದಲ್ಲಿ ಕ್ಯಾಲ್ಸಿಯಂನ ಕೆ ಎಂಬ ಕಪ್ಪು ಗೆರೆಯ ನಡುವೆ ಒಂದು ಬೆಳಕಿನ ಎಳೆ ಇರುತ್ತದೆ, ಅದು ಅಗಲವಾದಷ್ಟೂ ನಕ್ಷತ್ರ ಹೆಚ್ಚು ಪ್ರಕಾಶದ್ದು. ಅಂದರೆ ಒಂದು ಗೆರೆಯ ಅಗಲ ಅಳೆದರೆ ದೂರಕ್ಕೆ ದಾರಿ. ಅದೇ ಬಪ್ಪು ಅವರು ತಮಿಳುನಾಡಿನ ಜವ್ವಾದಿ ಬೆಟ್ಟದ ಕಾವಲೂರನ್ನು ಆರಿಸಿ, 1968ರಲ್ಲಿ 38 ಸೆಂಟಿಮೀಟರಿನ ಸಣ್ಣ ದೂರದರ್ಶಕದಿಂದ ಕೆಲಸ ಶುರು ಮಾಡಿಸಿದರು. ಅವರು ಕನಸು ಕಂಡ 2.34 ಮೀಟರ್ ದೂರದರ್ಶಕ 1986ರಲ್ಲಿ ಉದ್ಘಾಟನೆಯಾಯಿತು, ಅಷ್ಟರಲ್ಲಿ ಅವರು ತೀರಿಕೊಂಡು ಮೂರು ವರ್ಷ ದಾಟಿತ್ತು. ವೀಕ್ಷಣಾಲಯಕ್ಕೆ ಅವರ ಹೆಸರನ್ನೇ ಇಟ್ಟರು. ಅದನ್ನು ನಡೆಸುವುದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ. ಹಾಸನೂರಿನಿಂದ ಗೆರೆ ಎಳೆದಂತೆ ಅಳೆದರೆ ಕಾವಲೂರು ಇನ್ನೂರು ಕಿಲೋಮೀಟರ್ ಚಿಲ್ಲರೆ.

ಇನ್ನೊಂದು ಗುರುತು ಸೀಫಿಡ್ ಚರನಕ್ಷತ್ರಗಳು. ಹಾರ್ವರ್ಡ್‌ನ ಹೆನ್ರಿಯೆಟಾ ಲೆವಿಟ್ 1912ರಲ್ಲಿ ಕಿರಿಯ ಮೆಜಲಾನಿಕ್ ಮೋಡದ 25 ಸೀಫಿಡ್‌ಗಳನ್ನು ಹೋಲಿಸಿ, ನಿಧಾನವಾಗಿ ಮಿಡಿಯುವವು ಹೆಚ್ಚು ಪ್ರಕಾಶದವು ಎಂದು ತೋರಿಸಿದರು. ಇದನ್ನೇ ಹಿಡಿದು ಎಡ್ವಿನ್ ಹಬಲ್ ಆಂಡ್ರೊಮಿಡ ಗ್ಯಾಲಕ್ಸಿಗೆ ಸುಮಾರು 9 ಲಕ್ಷ ಜ್ಯೋತಿರ್ವರ್ಷ ಎಂದರು. ಇಂದು ಅದು 25 ಲಕ್ಷ. ಸೀಫಿಡ್‌ಗಳಲ್ಲಿ ಎರಡು ಜಾತಿ ಇವೆ, ಅವುಗಳ ಪ್ರಕಾಶ ಬೇರೆ ಬೇರೆ ಎಂದು 1952ರಲ್ಲಿ ವಾಲ್ಟರ್ ಬಾಡೆ ತಿಳಿಸಿದಾಗ ಆಂಡ್ರೊಮಿಡದ ದೂರ ಸುಮಾರು ಇಮ್ಮಡಿಯಾಯಿತು. ಗುರುತು ತಪ್ಪಿದರೆ ಬ್ರಹ್ಮಾಂಡದ ಗಾತ್ರವೇ ತಪ್ಪುತ್ತದೆ.

ಕೃತ್ತಿಕೆಯ ಕಥೆ ಕೋನದ ದಾರಿ, ಬೆಳಕಿನ ದಾರಿ ಎರಡನ್ನೂ ಮುಖಾಮುಖಿ ನಿಲ್ಲಿಸುತ್ತದೆ. ಒಂದೇ ಗುಂಪಿನ ನಕ್ಷತ್ರಗಳು ನಮ್ಮಿಂದ ಒಂದೇ ದೂರದಲ್ಲಿವೆ; ಅವುಗಳ ಬಣ್ಣ, ಬೆಳಕನ್ನು ಹತ್ತಿರದ ನಕ್ಷತ್ರಗಳ ಬಣ್ಣ, ಬೆಳಕಿನ ಜೊತೆ ಹೊಂದಿಸಿ ಕೃತ್ತಿಕೆಗೆ ಸುಮಾರು 430 ಜ್ಯೋತಿರ್ವರ್ಷ ಎಂದುಕೊಂಡಿದ್ದರು. ಹಿಪ್ಪಾರ್ಕೋಸ್ ಕೋನದಿಂದ ಅಳೆದು 390 ಎಂದಿತು. ವ್ಯತ್ಯಾಸ ಚಿಕ್ಕದಲ್ಲ: ಉಪಗ್ರಹದ್ದು ನಿಜವಾದರೆ ನಕ್ಷತ್ರಗಳ ಒಳಗಿನ ಭೌತವಿಜ್ಞಾನದ ತಿಳಿವಳಿಕೆಯೇ ಅಲುಗಾಡಬೇಕಿತ್ತು. ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಜಗಳ ನಡೆಯಿತು. 2014ರಲ್ಲಿ ಖಂಡಾಂತರ ರೇಡಿಯೋ ದೂರದರ್ಶಕಗಳನ್ನು ಜೋಡಿಸಿ ಅಳೆದಾಗ 444 ಬಂತು, ಆಮೇಲೆ ಗಾಯಾ ಕೂಡ ಅಲ್ಲಿಗೇ ಬಂದು ನಿಂತಿತು. ತಪ್ಪಿದ್ದು ಹಿಪ್ಪಾರ್ಕೋಸ್. ಒಂದು ದೂರವನ್ನು ಒಂದೇ ದಾರಿಯಲ್ಲಿ ಅಳೆದು ಸುಮ್ಮನಾಗಬಾರದು ಎಂದು ಖಗೋಳ ವಿಜ್ಞಾನಿಗಳು ಹಟ ಹಿಡಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ನನಗೆ ಕಾಣುವುದಿಲ್ಲ.

ತಾಳವಾಡಿ ಸೀಮೆಯ ಕನ್ನಡ ಶಾಲೆಗಳ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಈ ಕತ್ತಲು ಊರಿನ ಆಸ್ತಿ, ಬೆಂಗಳೂರಿನ ಮಕ್ಕಳಿಗೆ ಇದು ಸಿಗುವುದಿಲ್ಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮಕ್ಕಳು ತಮ್ಮ ಮನೆಯಂಗಳದಿಂದಲೇ ಆರ್ದ್ರಾವನ್ನು ರೋಹಿಣಿ, ಪ್ರೋಸಿಯಾನ್‌ಗಳ ಜೊತೆ ಹೋಲಿಸಿ ಬರೆಯಲಿ. ಪ್ರತಿ ಸಾಲಿನಲ್ಲಿ ದಿನಾಂಕ, ಗಂಟೆ, ಅಂಕ, ಹೋಲಿಸಿದ ನಕ್ಷತ್ರಗಳ ಹೆಸರು, ಮೋಡವೋ ಬೆಳದಿಂಗಳೋ ಇದ್ದರೆ ಅದೂ. ಆ ನೋಟ್‌ಬುಕ್ಕನ್ನು ಶಾಲೆಯಲ್ಲೇ ಇಟ್ಟು ಮುಂದಿನ ವರ್ಷದ ತರಗತಿಗೆ ಕೊಡಿ.